ನಿಧಾನಗತಿಯ ಸರಕು, ನಲವತ್ತು ವರ್ಷಗಳ ಹೆಸರು: ಸ್ವೀಡನ್ನಿನ ‘ಕ್ಯಾಂಡಲ್‌ಮಾಸ್’ ತಂಡದ ವೃತ್ತಾಂತ

1986ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನ ಆಸುಪಾಸಿನ ಎರಡು ರಾಕ್ ಸಂಗೀತ ತಂಡಗಳ ಆಲ್ಬಂಗಳು ಮಾರುಕಟ್ಟೆಗೆ ಬಂದವು. ಮೊದಲನೆಯದು ‘ಯೂರೋಪ್’ ಎಂಬ ತಂಡದ ‘ದಿ ಫೈನಲ್ ಕೌಂಟ್‌ಡೌನ್’. ಅದರ ಶೀರ್ಷಿಕೆ ಗೀತೆ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಮಾರಾಟ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೇರಿತು. ಪ್ರತಿಗಳು ಲಕ್ಷಗಟ್ಟಲೆ ಖರ್ಚಾದವು. ಎರಡನೆಯದು ‘ಕ್ಯಾಂಡಲ್‌ಮಾಸ್’ ತಂಡದ ‘ಎಪಿಕಸ್ ಡೂಮಿಕಸ್ ಮೆಟಾಲಿಕಸ್’. ಫ್ರಾನ್ಸಿನ ‘ಬ್ಲ್ಯಾಕ್ ಡ್ರಾಗನ್’ ಎಂಬ ಸಣ್ಣ ಕಂಪನಿಯು ಅದನ್ನು ಹೊರತಂದಿತು. ಮಾರಾಟ ಸಾಲದಾಯಿತು. ಅದೇ ವರ್ಷ ಕಂಪನಿಯು ತಂಡವನ್ನು ಕೈಬಿಟ್ಟಿತು.

ವ್ಯಾಪಾರದ ಸಾಮಾನ್ಯ ಲೆಕ್ಕಾಚಾರದಲ್ಲಿ ಎರಡನೆಯ ತಂಡದ ಖಾತೆ ಅಲ್ಲಿಗೇ ಮುಕ್ತಾಯವಾಗಬೇಕಿತ್ತು. ಹಾಗಾಗಲಿಲ್ಲ. ಮಾರಾಟವಾಗದ ಆ ಆಲ್ಬಂ ಮುಂದೆ ‘ಡೂಮ್ ಮೆಟಲ್’ ಎಂಬ ಒಂದು ಸಂಗೀತ ಪ್ರಕಾರದ ಅಡಿಗಲ್ಲುಗಳಲ್ಲಿ ಒಂದೆನಿಸಿತು. ಆ ಪ್ರಕಾರಕ್ಕೆ ಹೆಸರು ನೆಲೆಗೊಳ್ಳಲು ಆಲ್ಬಂನ ವಿಚಿತ್ರ ಶೀರ್ಷಿಕೆಯೂ ನೆರವಾಯಿತು. ತಂಡವು ಎರಡು ಬಾರಿ ಒಡೆದು ಎರಡು ಬಾರಿ ಕೂಡಿಕೊಂಡಿತು, ಆರು ಗಾಯಕರನ್ನು ಕಂಡಿತು, ಒಮ್ಮೆ ‘ಇದೇ ನಮ್ಮ ಕೊನೆಯ ಆಲ್ಬಂ’ ಎಂದು ಘೋಷಿಸಿಯೂ ಮುಂದುವರಿಯಿತು. ಐದಾರು ಜನರ ಈ ಪಾಲುದಾರಿಕೆಯ ಗುಡ್‌ವಿಲ್ ವಾಸ್ತವವಾಗಿ ಯಾರ ಬಳಿ ಇತ್ತು ಎಂಬ ಪ್ರಶ್ನೆಗೆ ತಂಡದ ಪಾಲುದಾರರೇ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಉತ್ತರ ಕೊಟ್ಟಿದ್ದಾರೆ. ಸಂಗೀತದಲ್ಲಿ ಆಸಕ್ತಿಯಿಲ್ಲದ ಉದ್ಯಮಿಯೂ ಈ ವೃತ್ತಾಂತವನ್ನು ಗಮನಿಸುವುದಕ್ಕೆ ಇದೊಂದೇ ಕಾರಣ ಸಾಕು.

ಕಾರ್ಖಾನೆಯಲ್ಲಿ ಹುಟ್ಟಿದ ಧ್ವನಿ

ಡೂಮ್ ಮೆಟಲ್ ಎಂದರೆ ಸರಳವಾಗಿ ಹೇಳುವುದಾದರೆ ವಿಲಂಬ ಲಯದ, ಮಂದ್ರ ಶ್ರುತಿಯ ಗಡಸು ರಾಕ್ ಸಂಗೀತ. ವಿದ್ಯುತ್ ಗಿಟಾರುಗಳ ಭಾರವಾದ ನಾದ, ಅವಸರವಿಲ್ಲದ ತಾಳ, ಸಾವು, ಒಂಟಿತನ, ವಿಷಾದಗಳನ್ನು ಕುರಿತ ಸಾಹಿತ್ಯ, ಇವು ಅದರ ಲಕ್ಷಣಗಳು. ಇದರ ಮೂಲವನ್ನು ಹುಡುಕುತ್ತ ಹೋದರೆ ಇಂಗ್ಲೆಂಡಿನ ಕೈಗಾರಿಕಾ ನಗರವಾದ ಬರ್ಮಿಂಗ್‌ಹ್ಯಾಮ್ ತಲುಪಬೇಕಾಗುತ್ತದೆ. ಅಲ್ಲಿನ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ 1965ರಲ್ಲಿ ಟೋನಿ ಐಯೊಮಿ ಎಂಬ 17 ವರ್ಷದ ಕಾರ್ಮಿಕ, ತನ್ನ ಕೆಲಸದ ಕೊನೆಯ ದಿನದಂದು, ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡನು. ಆತ ಎಡಚ; ಹೀಗಾಗಿ ಗಿಟಾರಿನ ತಂತಿಗಳನ್ನು ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿಯೊಂದನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆಗಳನ್ನು ತಾನೇ ತಯಾರಿಸಿಕೊಂಡು, ತೆಳುವಾದ ತಂತಿಗಳನ್ನು ಹುಡುಕಿ ಹಾಕಿಕೊಂಡು ನುಡಿಸಲಾರಂಭಿಸಿದನು. ಬೆರಳಿಗೆ ಒತ್ತಡ ಕಡಿಮೆಯಾಗಲೆಂದು ತಂತಿಗಳನ್ನು ಸಡಿಲಿಸಿ ಶ್ರುತಿಯನ್ನು ಇಳಿಸಿದ್ದೂ ಉಂಟು. 1970ರಲ್ಲಿ ಮೊದಲ ಆಲ್ಬಂ ಹೊರತಂದ ಆತನ ತಂಡ ‘ಬ್ಲ್ಯಾಕ್ ಸಬ್ಬಾತ್’ ಜಗದ್ವಿಖ್ಯಾತವಾಯಿತು. ಕಾರ್ಮಿಕನೊಬ್ಬನ ಗಾಯಕ್ಕೆ ಹುಡುಕಿದ ಪರಿಹಾರವೇ ಒಂದು ಹೊಸ ಸರಕಿನ ಗುಣವಿಶೇಷವಾದ ಉದಾಹರಣೆ ಕೈಗಾರಿಕಾ ಇತಿಹಾಸದಲ್ಲಿಯೂ ವಿರಳವೇ.

ಸ್ಟಾಕ್‌ಹೋಮ್‌ನ ಲೇಫ್ ಎಡ್ಲಿಂಗ್, 1963ರಲ್ಲಿ ಜನಿಸಿದವರು, ಈ ಬ್ಲ್ಯಾಕ್ ಸಬ್ಬಾತ್‌ನ ನಿಷ್ಠಾವಂತ ಅನುಯಾಯಿ. ಅವರು ನುಡಿಸುತ್ತಿದ್ದುದು ಬೇಸ್ ಗಿಟಾರ್. ಜೊತೆಗೆ ಹಾಡುಗಳನ್ನು ರಚಿಸುತ್ತಿದ್ದರು. ಅವರ ಮೊದಲ ತಂಡ ‘ನೆಮೆಸಿಸ್’ 1984ರಲ್ಲಿ ಒಂದು ಕಿರು ಧ್ವನಿಮುದ್ರಿಕೆಯನ್ನು ಹೊರತಂದು ಮುಗಿದುಹೋಯಿತು. ಆ ಬಳಿಕ ಕಟ್ಟಿದ ತಂಡಕ್ಕೆ ಇಟ್ಟ ಹೆಸರೇ ಕ್ಯಾಂಡಲ್‌ಮಾಸ್. ಕ್ರೈಸ್ತರು ಫೆಬ್ರವರಿ 2ರಂದು ಮೇಣದಬತ್ತಿಗಳನ್ನು ಆಶೀರ್ವದಿಸುವ ಹಬ್ಬದ ಹೆಸರು ಅದು.

ಸ್ವೀಡನ್ನಿನ ಒಂದು ಏರ್ಪಾಟನ್ನು ಇಲ್ಲಿ ಹೇಳಬೇಕು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಆ ದೇಶದ ಪುರಸಭೆಗಳು ಮಕ್ಕಳಿಗಾಗಿ ಸಂಗೀತ ಶಾಲೆಗಳನ್ನು ನಡೆಸುತ್ತ ಬಂದಿವೆ. ಸರ್ಕಾರದ ಸಹಾಯಧನ ಪಡೆಯುವ ವಯಸ್ಕರ ಶಿಕ್ಷಣ ಸಂಘಗಳು ಯುವಕರ ತಂಡಗಳಿಗೆ ಅಭ್ಯಾಸದ ಕೊಠಡಿಗಳನ್ನು ಒದಗಿಸುತ್ತವೆ. ಸಣ್ಣ ಉದ್ದಿಮೆದಾರನಿಗೆ ಕೈಗಾರಿಕಾ ವಸಾಹತಿನ ಶೆಡ್ ಹೇಗೋ ಹಾಗೆ. ಜನಸಂಖ್ಯೆಯಲ್ಲಿ ಬೆಂಗಳೂರು ನಗರಕ್ಕಿಂತ ದೊಡ್ಡದಲ್ಲದ ದೇಶವೊಂದು ಸಂಗೀತದ ರಫ್ತಿನಲ್ಲಿ ಹೆಸರು ಮಾಡಿರುವುದಕ್ಕೆ ‘ಅಬ್ಬಾ’ ತಂಡದಂತಹ ಪ್ರತಿಭೆಗಳಷ್ಟೇ ಅಲ್ಲ, ಈ ಶೆಡ್‌ಗಳೂ ಕಾರಣವೆಂದು ಹೇಳುವವರಿದ್ದಾರೆ.

ವೇಗದ ಮಾರುಕಟ್ಟೆಯಲ್ಲಿ ನಿಧಾನದ ಸರಕು

1986ರಲ್ಲಿ ಗಡಸು ರಾಕ್ ಸಂಗೀತದ ಮಾರುಕಟ್ಟೆ ಕೇಳುತ್ತಿದ್ದುದು ವೇಗವನ್ನು. ಅಮೆರಿಕದ ‘ಸ್ಲೇಯರ್’ ತಂಡದ ‘ರೇನ್ ಇನ್ ಬ್ಲಡ್’ ಅದೇ ವರ್ಷ ಅಕ್ಟೋಬರಿನಲ್ಲಿ ಬಂದಿತು. ಅದರಲ್ಲಿ 10 ಹಾಡುಗಳು. ಒಟ್ಟು ಅವಧಿ ಅರ್ಧ ಗಂಟೆಗಿಂತ ಕಡಿಮೆ. ಕ್ಯಾಂಡಲ್‌ಮಾಸ್‌ನ ಮೊದಲ ಆಲ್ಬಂನಲ್ಲಿ ಇದ್ದುದು 6 ಹಾಡುಗಳು. ಅವಧಿ ಸುಮಾರು 43 ನಿಮಿಷ. ಒಂದು ಹಾಡಿಗೆ ಸರಾಸರಿ ಅಲ್ಲಿ ಮೂರು ನಿಮಿಷಕ್ಕಿಂತ ಕಡಿಮೆ, ಇಲ್ಲಿ ಏಳು ನಿಮಿಷ. ಎಲ್ಲರೂ ಓಡುತ್ತಿರುವಾಗ ಎಡ್ಲಿಂಗ್ ಉದ್ದೇಶಪೂರ್ವಕವಾಗಿಯೇ ನಡೆಯತೊಡಗಿದರು.

ಈ ಆಲ್ಬಂನ ಧ್ವನಿಮುದ್ರಣ ನಡೆದದ್ದು ಸ್ಟಾಕ್‌ಹೋಮ್‌ನ ‘ಥಂಡರ್‌ಲೋಡ್’ ಸ್ಟುಡಿಯೋದಲ್ಲಿ. ತಂಡಕ್ಕೆ ಆಗ ಕಾಯಂ ಗಾಯಕನೇ ಇರಲಿಲ್ಲ. ಯೋಹಾನ್ ಲೆಂಗ್‌ಕ್ವಿಸ್ಟ್ ಎಂಬವರು ಈ ಒಂದು ಕೆಲಸದ ಮಟ್ಟಿಗೆ ಬಂದು ಹಾಡಿಕೊಟ್ಟರು. ತಂಡದ ಸದಸ್ಯರಾಗಲು ಒಪ್ಪಲಿಲ್ಲ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಅವರು ಪಾಲುದಾರರಲ್ಲ, ಜಾಬ್ ವರ್ಕ್ ಮಾಡಿಕೊಟ್ಟವರು. ಮುಖ್ಯ ಗಿಟಾರಿನ ಭಾಗವನ್ನು ನುಡಿಸಿದವರೂ ಹೊರಗಿನವರೇ. ಎಡ್ಲಿಂಗ್ ಜೊತೆಗೆ ಮುಂದೆಯೂ ಉಳಿದವರು ಲಯದ ಗಿಟಾರ್ ನುಡಿಸುವ ಮ್ಯಾಟ್ಸ್ ಬ್ಯೋರ್ಕ್‌ಮನ್ ಮಾತ್ರ.

ಇಂತಹ ಅರೆಬರೆ ಸಿದ್ಧತೆಯಲ್ಲಿ ತಯಾರಾದ ಮಾಲನ್ನು ಪ್ರಕಾಶಕ ಕಂಪನಿ ಕೈಬಿಟ್ಟಿದ್ದು ಆಶ್ಚರ್ಯವೇನಲ್ಲ. ಮೊದಲ ವರ್ಷದ ಬಿಕರಿಯನ್ನು ನೋಡಿ ನಿರ್ಧರಿಸುವ ಯಾವ ವರ್ತಕನಾದರೂ ಅದನ್ನೇ ಮಾಡುತ್ತಿದ್ದನು. ಆದರೆ ಆ ಹಾಡುಗಳನ್ನು ಕೇಳಿದ ಕೆಲವರು ಮರೆಯಲಿಲ್ಲ. ಮೊದಲ ಹಾಡಾದ ‘ಸಾಲಿಟ್ಯೂಡ್’ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ, ಕೈಯಿಂದ ಕೈಗೆ ಸಾಗಿತು. ಈ ಚಲಾವಣೆ ಯಾರ ಲೆಕ್ಕಪುಸ್ತಕದಲ್ಲಿಯೂ ಜಮೆಯಾಗುವಂಥದಲ್ಲ.

ಮುಖ ಮತ್ತು ಬೆನ್ನೆಲುಬು

ಮರುವರ್ಷ ತಂಡಕ್ಕೆ ಮೂವರು ಹೊಸಬರು ಬಂದರು: ಮುಖ್ಯ ಗಿಟಾರಿಗೆ ಲಾರ್ಸ್ ಯೋಹಾನ್ಸನ್, ಡ್ರಮ್ಸ್‌ಗೆ ಯಾನ್ ಲಿಂಡ್, ಗಾಯನಕ್ಕೆ ಮೆಸ್ಸಾಯಾ ಮಾರ್ಕೊಲಿನ್. ಮಾರ್ಕೊಲಿನ್ ದೊಡ್ಡ ದೇಹದ, ಗುಂಗುರು ಕೂದಲಿನ ವ್ಯಕ್ತಿ. ಕ್ರೈಸ್ತ ಸನ್ಯಾಸಿಯ ನಿಲುವಂಗಿ ತೊಟ್ಟು ವೇದಿಕೆಗೆ ಬರುತ್ತಿದ್ದರು. ಅಪೆರಾ ಗಾಯಕರನ್ನು ನೆನಪಿಸುವ ಕಂಪಿತ ಕಂಠ ಅವರದು. ‘ಆಕ್ಸಿಸ್’ ಎಂಬ ಮತ್ತೊಂದು ಸಣ್ಣ ಕಂಪನಿಯ ಮೂಲಕ 1987ರಲ್ಲಿ ‘ನೈಟ್‌ಫಾಲ್’ ಹೊರಬಂದಿತು; 1988ರಲ್ಲಿ ‘ಏನ್‌ಶಿಯೆಂಟ್ ಡ್ರೀಮ್ಸ್’, ಬಳಿಕ 1989ರಲ್ಲಿ ‘ಟೇಲ್ಸ್ ಆಫ್ ಕ್ರಿಯೇಶನ್’ ಬಂದವು. ಮೂರು ವರ್ಷಗಳಲ್ಲಿ ಮೂರು ಆಲ್ಬಂ. ಯೂರೋಪಿನ ಗಡಸು ರಾಕ್ ವಲಯದಲ್ಲಿ ಕ್ಯಾಂಡಲ್‌ಮಾಸ್ ಎಂದರೆ ನಿಲುವಂಗಿಯ ಆ ಗಾಯಕ ಎಂಬ ಚಿತ್ರ ಜನರ ಮನಸ್ಸಿನಲ್ಲಿ ನಿಂತಿತು.

ಖರ್ಚಿನ ಕಡೆಗೆ ಕಣ್ಣಿಡುವವರಿಗೆ ಒಂದು ಸಣ್ಣ ಸಂಗತಿ. ‘ನೈಟ್‌ಫಾಲ್’ ಮತ್ತು ‘ಏನ್‌ಶಿಯೆಂಟ್ ಡ್ರೀಮ್ಸ್’ಗಳ ಹೊದಿಕೆಯ ಮೇಲೆ ಮುದ್ರಿತವಾದದ್ದು ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಚಿತ್ರಕಾರ ಥಾಮಸ್ ಕೋಲ್ ಮಾನವ ಜೀವನದ ಪಯಣವನ್ನು ಕುರಿತು ರಚಿಸಿದ ಚಿತ್ರಮಾಲಿಕೆಯ ಎರಡು ಚಿತ್ರಗಳು. ಕೋಲ್ 1848ರಲ್ಲಿಯೇ ತೀರಿಕೊಂಡವರಾದ್ದರಿಂದ ಕೃತಿಸ್ವಾಮ್ಯದ ಪ್ರಶ್ನೆಯೇ ಇಲ್ಲ. ‘ನೈಟ್‌ಫಾಲ್’ನಲ್ಲಿ ಶೋಪಾನ್ ಸಂಯೋಜಿಸಿದ ಶವಯಾತ್ರೆಯ ಸಂಗೀತದ ವಾದ್ಯರೂಪವೂ ಇದೆ, ಅದಕ್ಕೂ ರಾಯಲ್ಟಿ ಕೊಡಬೇಕಾದವರಿಲ್ಲ. ಸಣ್ಣ ಬಂಡವಾಳದ ಸಂಸ್ಥೆಗೆ ಒಪ್ಪುವ ಆಯ್ಕೆಗಳು, ಸರಕಿನ ಗಾಂಭೀರ್ಯಕ್ಕೂ ಹೊಂದುವಂಥವು.

ಆದರೆ ಹಾಡುಗಳನ್ನು ರಚಿಸುತ್ತಿದ್ದವರು ಬಹುಮಟ್ಟಿಗೆ ಎಡ್ಲಿಂಗ್ ಒಬ್ಬರೇ. ಗ್ರಾಹಕ ಗುರುತಿಸುವ ಮುಖ ಒಬ್ಬರದು, ತಯಾರಿಕೆಯ ಸೂತ್ರ ಇನ್ನೊಬ್ಬರ ಕೈಯಲ್ಲಿ. ಹೊರಗೆ ಮಾರಾಟಕ್ಕೆ ಓಡಾಡುವ ಪಾಲುದಾರ ಮತ್ತು ಒಳಗೆ ಯಂತ್ರದ ಮುಂದೆ ನಿಲ್ಲುವ ಪಾಲುದಾರ ಇವರಿಬ್ಬರ ನಡುವೆ ಯಾವ ಬಗೆಯ ಅಸಮಾಧಾನ ಹೊಗೆಯಾಡುತ್ತದೆ ಎಂಬುದನ್ನು ವರ್ತಕ ಸಮುದಾಯಕ್ಕೆ ವಿವರಿಸಿ ಹೇಳಬೇಕಾಗಿಲ್ಲ. 1991ರಲ್ಲಿ ಮಾರ್ಕೊಲಿನ್ ತಂಡವನ್ನು ಬಿಟ್ಟರು.

ಥಾಮಸ್ ವಿಕ್‌ಸ್ಟ್ರಂ ಎಂಬ ಸಮರ್ಥ ಗಾಯಕರನ್ನು ಕರೆತಂದು 1992ರಲ್ಲಿ ‘ಚಾಪ್ಟರ್ ಸಿಕ್ಸ್’ ಹೊರತಂದರೂ ಗ್ರಾಹಕರು ಒಲಿಯಲಿಲ್ಲ. ಅಷ್ಟರಲ್ಲಿ ಅಮೆರಿಕದ ‘ನಿರ್ವಾಣ’ ಮುಂತಾದ ತಂಡಗಳ ಹೊಸ ಅಲೆ ಮಾರುಕಟ್ಟೆಯ ರುಚಿಯನ್ನೇ ಬದಲಿಸಿತ್ತು. 1994ರಲ್ಲಿ ತಂಡ ವಿಸರ್ಜನೆಯಾಯಿತು.

ಹೆಸರಿನ ಬೆಲೆ

ಮುಂದಿನ ಕೆಲವು ವರ್ಷಗಳ ಘಟನೆಗಳು ಲೆಕ್ಕಪರಿಶೋಧಕರ ದೃಷ್ಟಿಯಿಂದ ಈ ಇತಿಹಾಸದ ಅತ್ಯಂತ ಸ್ವಾರಸ್ಯಕರ ಭಾಗ. ಎಡ್ಲಿಂಗ್ ‘ಅಬ್‌ಸ್ಟ್ರಾಕ್ಟ್ ಆಲ್ಜಿಬ್ರಾ’ ಎಂಬ ಹೊಸ ತಂಡ ಕಟ್ಟಿ 1995ರಲ್ಲಿ ಒಂದು ಆಲ್ಬಂ ತಂದರು. ರಚನಕಾರ ಅದೇ ವ್ಯಕ್ತಿ. ಬೋರ್ಡು ಮಾತ್ರ ಬೇರೆ. ಕೊಳ್ಳುವವರು ಕಡಿಮೆ. ಎರಡನೆಯ ಆಲ್ಬಂಗಾಗಿ ಸಿದ್ಧಪಡಿಸುತ್ತಿದ್ದ ಸಾಮಗ್ರಿಯ ಬಹುಭಾಗವು ಕೊನೆಗೆ 1998ರಲ್ಲಿ ‘ಡ್ಯಾಕ್ಟಿಲಿಸ್ ಗ್ಲೋಮರೇಟಾ’ ಎಂಬ ಶೀರ್ಷಿಕೆಯಡಿ ಹೊರಬಂದಿತು, ಕ್ಯಾಂಡಲ್‌ಮಾಸ್ ಹೆಸರಿನಲ್ಲಿ. ಹಳೆಯ ಗಿಟಾರ್ ವಾದಕರಿಲ್ಲ, ಹಳೆಯ ಡ್ರಮ್ಮರ್ ಇಲ್ಲ. ಬ್ಯೋರ್ನ್ ಫ್ಲೋಡ್‌ಕ್ವಿಸ್ಟ್ ಎಂಬ ಹೊಸ ಗಾಯಕ. ಹಳೆಯದಾಗಿ ಉಳಿದದ್ದು ಎಡ್ಲಿಂಗ್ ಮತ್ತು ಹೆಸರು. 1999ರಲ್ಲಿ ಇದೇ ಏರ್ಪಾಟಿನಲ್ಲಿ ಇನ್ನೊಂದು ಆಲ್ಬಂ ಬಂದಿತು. ಎರಡೂ ತಕ್ಕಮಟ್ಟಿನ ಮೆಚ್ಚುಗೆ ಪಡೆದವು. ಹಳೆಯ ಉತ್ಸಾಹ ಮರಳಲಿಲ್ಲ.

ಬೋರ್ಡು ಬದಲಾದರೆ ಸೂತ್ರ ತಿಳಿದವನಿಗೂ ಗಿರಾಕಿ ಸಿಗಲಿಲ್ಲ. ಬೋರ್ಡು ಉಳಿದು ಕೈಗಳು ಬದಲಾದಾಗ ಗಿರಾಕಿ ಬಂದನು, ಆದರೆ ಹಿಂದೆ ಬರುತ್ತಿದ್ದಷ್ಟು ಜನ ಬರಲಿಲ್ಲ. ಭಾರತದ ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಸ್ಥೆಯೊಂದು ತಾನೇ ಬೆಳೆಸಿಕೊಂಡ ಗುಡ್‌ವಿಲ್ಲನ್ನಾಗಲಿ ಬ್ರ್ಯಾಂಡ್ ಹೆಸರನ್ನಾಗಲಿ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಅದರ ಬೆಲೆಯನ್ನು ನಂಬಲರ್ಹವಾಗಿ ಅಳೆಯಲಾಗದು ಎಂಬುದು ಅದಕ್ಕೆ ಕೊಡುವ ಕಾರಣ. ಅದೇ ವೇಳೆ 1932ರ ಪಾಲುದಾರಿಕೆ ಅಧಿನಿಯಮವು ಗುಡ್‌ವಿಲ್ಲನ್ನು ಸಂಸ್ಥೆಯ ಸ್ವತ್ತಿನಲ್ಲೇ ಎಣಿಸುತ್ತದೆ. ಕಣ್ಣಿಗೆ ಕಾಣದು, ಪುಸ್ತಕಕ್ಕೆ ಏರದು, ಆದರೆ ಹಂಚಿಕೆಯ ಹೊತ್ತಿಗೆ ಜಗಳಕ್ಕೆ ಮೊದಲು ಬರುವುದು ಅದೇ.

ಸಂಗೀತದ ವ್ಯಾಪಾರದಲ್ಲಿ ಇನ್ನೊಂದು ಪದರವೂ ಇದೆ. ಹಾಡಿದವನ ಸಂಭಾವನೆ ಬೇರೆ, ರಚಿಸಿದವನ ಹಕ್ಕು ಬೇರೆ. ರಚನಕಾರರ ಪರವಾಗಿ ರಾಯಲ್ಟಿ ವಸೂಲು ಮಾಡುವ ‘ಸ್ಟಿಮ್’ ಎಂಬ ಸಂಘ ಸ್ವೀಡನ್ನಿನಲ್ಲಿ 1923ರಿಂದಲೂ ಇದೆ. ಗಾಯಕ ಯಾರೇ ಆಗಲಿ, ಹಾಡು ನುಡಿದಲ್ಲೆಲ್ಲ ರಚನಕಾರನಿಗೆ ಪಾಲು ಸಲ್ಲಬೇಕೆಂಬುದು ಈ ವ್ಯವಸ್ಥೆಯ ತತ್ತ್ವ. ಗಾಯಕರು ಬಂದು ಹೋಗುತ್ತಿದ್ದರೂ ಎಡ್ಲಿಂಗ್ ಎದೆಗುಂದದೆ ನಿಂತದ್ದರ ಹಿಂದೆ ಈ ಭದ್ರತೆಯ ಪಾತ್ರವೂ ಇದ್ದಿರಬೇಕು.

ಮತ್ತೆ ಕೂಡಿದ್ದು, ಮತ್ತೆ ಮುರಿದದ್ದು

ಹೊಸ ಶತಮಾನದ ಆರಂಭದಲ್ಲಿ ಹಳೆಯ ಆಲ್ಬಂಗಳ ಮರುಮುದ್ರಣಗಳು ಬಂದವು. 1987ರ ಐವರೂ 2002ರಲ್ಲಿ ಮತ್ತೆ ಒಂದೇ ವೇದಿಕೆಯೇರಿದರು. 2004ರಲ್ಲಿ ಮತ್ತೊಮ್ಮೆ ಒಡೆದು ಅದೇ ವರ್ಷ ರಾಜಿಯಾದರು. 2005ರಲ್ಲಿ ಜರ್ಮನಿಯ ‘ನ್ಯೂಕ್ಲಿಯರ್ ಬ್ಲಾಸ್ಟ್’ ಕಂಪನಿಯ ಮೂಲಕ ತಂಡದ ಹೆಸರನ್ನೇ ಹೊತ್ತ ಆಲ್ಬಂ ಬಂದಿತು. ವಿಮರ್ಶಕರೂ ಶ್ರೋತೃಗಳೂ ಅದನ್ನು ತುಂಬು ಮನಸ್ಸಿನಿಂದ ಸ್ವಾಗತಿಸಿದರು. ಮರುವರ್ಷವೇ ಮಾರ್ಕೊಲಿನ್ ಎರಡನೆಯ ಬಾರಿ ಹೊರನಡೆದರು.

ಮೊದಲ ಬಾರಿ ಅವರು ಹೋದಾಗ ಸಂಸ್ಥೆ ಮೂರೇ ವರ್ಷಗಳಲ್ಲಿ ಮುಚ್ಚಿತ್ತು. ಈ ಬಾರಿ ಮುಚ್ಚಲಿಲ್ಲ. ಉಳಿದ ನಾಲ್ವರು, ಅಂದರೆ ಎಡ್ಲಿಂಗ್, ಬ್ಯೋರ್ಕ್‌ಮನ್, ಯೋಹಾನ್ಸನ್ ಮತ್ತು ಲಿಂಡ್, ಕದಲದೆ ನಿಂತರು. ಅಮೆರಿಕದ ಟೆಕ್ಸಾಸ್ ರಾಜ್ಯದ ‘ಸಾಲಿಟ್ಯೂಡ್ ಈಟರ್ನಸ್’ ತಂಡದ ರಾಬರ್ಟ್ ಲೋ 2007ರಲ್ಲಿ ಗಾಯಕರಾಗಿ ಬಂದರು. 2007, 2009 ಮತ್ತು 2012ರಲ್ಲಿ ಮೂರು ಆಲ್ಬಂಗಳು ಹೊರಬಂದವು. ‘ಸಾಮ್ಸ್ ಫಾರ್ ದಿ ಡೆಡ್’ ಎಂಬ ಮೂರನೆಯದನ್ನು ತಂಡವು ತನ್ನ ಕೊನೆಯ ಆಲ್ಬಂ ಎಂದು ಘೋಷಿಸಿತು. ಅದು ಅಂಗಡಿಗೆ ಬರುವ ಕೆಲವೇ ದಿನಗಳ ಮೊದಲು, ನೇರ ಪ್ರದರ್ಶನಗಳ ಗುಣಮಟ್ಟದ ಕಾರಣ ಕೊಟ್ಟು, ಲೋ ಅವರನ್ನು ಕೈಬಿಟ್ಟಿತು. ಹೊಸ ಮಾಲು ಗೋದಾಮಿನಲ್ಲಿರುವಾಗ ಅದರ ಮೇಲೆ ಧ್ವನಿಯಿರುವ ಮನುಷ್ಯನನ್ನೇ ಹೊರಗೆ ಕಳುಹಿಸುವುದು ವ್ಯವಹಾರ ಜ್ಞಾನಕ್ಕೆ ಒಪ್ಪುವ ಮಾತಲ್ಲ. ಅವರು ಅದಕ್ಕೂ ಸಿದ್ಧರಾದರು. ಮ್ಯಾಟ್ಸ್ ಲೆವೆನ್ ಆ ಸ್ಥಾನಕ್ಕೆ ಬಂದರು.

ಆಗ ಬಂದೊದಗಿತು ಇನ್ನೂ ದೊಡ್ಡ ಪರೀಕ್ಷೆ. 2010ರ ದಶಕದ ಮಧ್ಯದಲ್ಲಿ ಎಡ್ಲಿಂಗ್ ತೀವ್ರ ದಣಿವಿನ ಕಾಯಿಲೆಗೆ ತುತ್ತಾದರು. ಪ್ರವಾಸ, ವೇದಿಕೆ, ದೊಡ್ಡ ಶಬ್ದ, ಇವುಗಳಿಂದ ದೂರವಿರಬೇಕಾಯಿತು. ಮೂರು ದಶಕಗಳ ಕಾಲ ಹಾಡುಗಳನ್ನು ಕೊಟ್ಟ ಮನುಷ್ಯ ಮನೆಯಲ್ಲಿ. ಅವನ ಸಂಸ್ಥೆ ಊರೂರು ತಿರುಗುತ್ತಿದೆ. ಪೆರ್ ವಿಬೆರ್ಗ್ ಎಂಬ ಬೇರೊಬ್ಬ ಸಂಗೀತಗಾರರು ಅವರ ಜಾಗದಲ್ಲಿ ಬೇಸ್ ಗಿಟಾರ್ ಹಿಡಿದರು. ಗಾಯಕ ಹೋದಾಗ ಉಳಿದ ಸಂಸ್ಥೆ ಸ್ಥಾಪಕನಿಲ್ಲದೆ ಎಷ್ಟು ದಿನ ನಡೆದೀತು ಎಂಬುದು ಆಗಿನ ಆತಂಕ. ಪ್ರದರ್ಶನಗಳು ನಡೆದವು. ಆದರೆ ಹೊಸ ಹಾಡು ಬೇಕಾದಾಗ ಎಡ್ಲಿಂಗ್ ಅವರೇ ಬೇಕಾಯಿತು. 2016 ಮತ್ತು 2018ರಲ್ಲಿ ಕಿರು ಮುದ್ರಿಕೆಗಳು ಬಂದವು. ಕೊನೆಯ ಆಲ್ಬಂ ಎಂಬ ಘೋಷಣೆ ತಾನಾಗಿಯೇ ಮಾಸಿತು. ಆರೋಗ್ಯ ಸುಧಾರಿಸಿದಂತೆ ಎಡ್ಲಿಂಗ್ ವೇದಿಕೆಗೂ ಮರಳಿದರು.

ಜಾಬ್ ವರ್ಕ್ ಮಾಡಿದವರು ಪಾಲುದಾರರಾದದ್ದು

2018ರಲ್ಲಿ ತಂಡ ಒಂದು ಪ್ರಕಟಣೆ ಹೊರಡಿಸಿತು. ಇನ್ನು ಮುಂದೆ ಕ್ಯಾಂಡಲ್‌ಮಾಸ್‌ನ ಗಾಯಕರು ಯೋಹಾನ್ ಲೆಂಗ್‌ಕ್ವಿಸ್ಟ್. 1986ರಲ್ಲಿ ಆರು ಹಾಡುಗಳನ್ನು ಹಾಡಿಕೊಟ್ಟು ಹೋದವರು 32 ವರ್ಷಗಳ ಬಳಿಕ ಕಾಯಂ ಸದಸ್ಯರಾಗಿ ಬಂದರು. ಆರು ವರ್ಷ ದುಡಿದ ಲೆವೆನ್ ಜಾಗ ಬಿಡಬೇಕಾಯಿತು. ಅವರ ಪಾಲಿಗೆ ಇದು ನ್ಯಾಯವೆನಿಸುವುದು ಕಷ್ಟ. ಆದರೆ ಈ ಮೂರು ದಶಕಗಳಲ್ಲಿ ಮೊದಲ ಆಲ್ಬಂನ ಬೆಲೆ ಎಷ್ಟು ಏರಿತ್ತೆಂಬುದನ್ನು ತಂಡ ಅರಿತಿತ್ತು. ಒಬ್ಬ ಪ್ರಕಾಶಕ ನಷ್ಟವೆಂದು ಬರೆದುಹಾಕಿದ ಅದನ್ನು ಬೇರೆಬೇರೆ ಕಂಪನಿಗಳು ಮತ್ತೆ ಮತ್ತೆ ಮುದ್ರಿಸಿದ್ದವು. ಹೊಸ ತಲೆಮಾರಿನ ತಂಡಗಳು ಅದನ್ನು ಗುರುಸ್ಥಾನದಲ್ಲಿ ಇಟ್ಟಿದ್ದವು. ಎಪ್ಪತ್ತರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನ ಮುದ್ರಿಕೆಗಳನ್ನು ಕೇಳಿ ಸ್ಟಾಕ್‌ಹೋಮ್‌ನ ಹುಡುಗನೊಬ್ಬ ಬೆಳೆದಂತೆಯೇ ಇದೂ ನಡೆಯಿತು.

2019ರ ಫೆಬ್ರವರಿಯಲ್ಲಿ ‘ದಿ ಡೋರ್ ಟು ಡೂಮ್’ ಬಿಡುಗಡೆಯಾಯಿತು. ಅದರ ‘ಆಸ್ಟೊರೋಲಸ್’ ಎಂಬ ಹಾಡಿನಲ್ಲಿ ಅತಿಥಿಯಾಗಿ ಗಿಟಾರ್ ನುಡಿಸಿದವರು ಸಾಕ್ಷಾತ್ ಟೋನಿ ಐಯೊಮಿ. ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯಲ್ಲಿ ಗಾಯಗೊಂಡ ಅದೇ ಬೆರಳುಗಳು, ಅವನ್ನು ಅನುಸರಿಸಿ ಹುಟ್ಟಿದ ತಂಡವೊಂದರ ಮುದ್ರಿಕೆಯ ಮೇಲೆ. ಆ ಹಾಡು ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯ ಮೆಟಲ್ ವಿಭಾಗಕ್ಕೆ ನಾಮನಿರ್ದೇಶನಗೊಂಡಿತು. 2020ರ ಜನವರಿಯ ಸಮಾರಂಭದಲ್ಲಿ ಪ್ರಶಸ್ತಿ ‘ಟೂಲ್’ ತಂಡಕ್ಕೆ ಹೋಯಿತು. ಮೊದಲ ಪ್ರಕಾಶಕ ಕೈಬಿಟ್ಟ 33 ವರ್ಷಗಳ ಮೇಲೆ ಬಂದ ನಾಮನಿರ್ದೇಶನ ಅದು.

2022ರಲ್ಲಿ ‘ಸ್ವೀಟ್ ಈವಿಲ್ ಸನ್’ ಎಂಬ ಆಲ್ಬಂ, 2025ರಲ್ಲಿ ‘ಬ್ಲ್ಯಾಕ್ ಸ್ಟಾರ್’ ಎಂಬ ಕಿರು ಮುದ್ರಿಕೆ ಬಂದವು. ಲೆಂಗ್‌ಕ್ವಿಸ್ಟ್ ಮರಳಿದ ಮೇಲಿನ ಈ ಏರ್ಪಾಟನ್ನು ಅಭಿಮಾನಿಗಳು ‘ಮೂಲ ತಂಡ’ ಎಂದು ಕರೆಯುವುದುಂಟು. ದಾಖಲೆಗಳನ್ನು ತೆಗೆದು ನೋಡಿದರೆ ಆ ಮಾತು ಪೂರ್ತಿ ಸರಿಯಲ್ಲ. ಲೆಂಗ್‌ಕ್ವಿಸ್ಟ್ ಹಾಡಿದ್ದು 1986ರಲ್ಲಿ. ಯೋಹಾನ್ಸನ್ ಮತ್ತು ಲಿಂಡ್ ತಂಡ ಸೇರಿದ್ದು 1987ರಲ್ಲಿ, ಅವರು ಹೊರಟುಹೋದ ಮೇಲೆ. ಈ ಐವರು ಒಂದೇ ಸಂಸ್ಥೆಯ ಪಾಲುದಾರರಾಗಿ ಒಟ್ಟಿಗೆ ಕುಳಿತದ್ದು 2018ರಲ್ಲಿಯೇ ಮೊದಲು.